ಬೋಟಿನ ಫೈಬರ್ ಹಾಕಿದ ಜೀಪಿನಲ್ಲಿ ಭಟ್ಕಳದಿಂದ ಬಾಡಕ್ಕೆ

ಭಟ್ಕಳದಿಂದ ಕುಮಟೆಗೆ ಅರವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿ ಒಂದು ನಿದ್ದೆ ತೆಗೆದರೆ ಊರು ಬಂದಿರುತ್ತದೆ. ನಾವು ಅದೇ ದಾರಿಗೆ ಎರಡು ದಿನ ತೆಗೆದುಕೊಂಡೆವು. ಅದರಲ್ಲಿ ಒಂದಿಡೀ ಸಂಜೆ ನಾನು ಗೋಣಿಚೀಲದ ಮೇಲೆ ಅಂಗಾತ ಮಲಗಿ ಜೀಪಿನ ಹೊಟ್ಟೆ ನೋಡುತ್ತಿದ್ದೆ. ಈ ಕರಾವಳಿಯಲ್ಲಿ ಪ್ರವಾಸಿಗರು ನೋಡಲೇಬೇಕಾದ ಜಾಗಗಳಲ್ಲಿ ಇದನ್ನು ಯಾರೂ ಸೇರಿಸಿಲ್ಲ. ಸೇರಿಸಬೇಕು ಎಂಬುದು ನನ್ನ ವಾದ.

ಹೊರಟದ್ದು ಮಂಜಣ್ಣನ ಮದುವೆ ಬಟ್ಟೆ ತರಲು. ಮಂಜಣ್ಣ ನನ್ನ ದೊಡ್ಡಮ್ಮನ ಮಗ, ಕುಮಟೆಯ ಪಕ್ಕದ ಬಾಡದವನು. ಅವನಿಗಿಂತ ಹಿರಿಯದಾದ ಒಂದು ಜೀಪಿದೆ; ಕುಮಟೆಯ ಮೇಲಿನ ಗುಡ್ಡದ ಕೇರಿಗಳಿಗೆ ಅಕ್ಕಿ, ಸಿಮೆಂಟು, ಬಾಣಂತಿಯರು, ಎಲ್ಲವನ್ನೂ ಅದರಲ್ಲೇ ಹತ್ತಿಸುತ್ತಾನೆ. ಮುಂದಿನ ಭಾನುವಾರ ಅವನ ಮದುವೆ. ಹೆಣ್ಣು ಭಟ್ಕಳದಿಂದ ಬರುವಾಗ ಹೊನ್ನಾವರಕ್ಕಿಂತ ಮೊದಲು ಸಿಗುವ ಕಾಸರಕೋಡಿನ ರೇಖಾ. ಮದುವೆ ಮುಗಿಸಿ ಹೆಂಡತಿಯನ್ನು ತನ್ನ ಸ್ವಂತ ಜೀಪಿನಲ್ಲೇ ಮನೆಗೆ ಕರೆತರಬೇಕು ಎಂಬುದೊಂದೇ ಅವನ ಆಸೆ. ದೊಡ್ಡಮ್ಮ ಒಪ್ಪಿರಲಿಲ್ಲ.

"ಆ ಸೋರು ಗಾಡೀಲಿ ನನ್ನ ಸೊಸೆ ಬರೂದು ಬೇಡ. ಹಾದೀಲಿ ನಿಂತ್ರೆ ಮದುಮಗಳು ಸೆರಗು ಕಟ್ಕಂಡು ದೂಡೂದಾ? ನಾ ವ್ಯಾನ್ ಹೇಳ್ತೆ."

ಕೊನೆಗೆ ಒಂದು ಒಪ್ಪಂದವಾಯಿತು. ಜೀಪು ಭಟ್ಕಳಕ್ಕೆ ಹೋಗಿ ಬರಲಿ. ತೊಂದರೆ ಕೊಡದೆ, ಎಣ್ಣೆ ಸೋರದೆ ಬಂದರೆ ಜೀಪು, ಇಲ್ಲದಿದ್ದರೆ ವ್ಯಾನು. ಸಾಕ್ಷಿಯಾಗಿ ನಾನು ಜೊತೆಗೆ ಹೋಗಬೇಕು. ನಾನು ಕಾನೂನು ಓದುತ್ತಿದ್ದೇನೆ, ಚರ್ಚಾಸ್ಪರ್ಧೆಗಳಲ್ಲಿ ಒಂದಷ್ಟು ಕಪ್ಪು ಗೆದ್ದಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಹೇಳುವವಳು ಎಂದು ನಮ್ಮ ಮನೆಗಳಲ್ಲಿ ನನಗೆ ಹೆಸರಿದೆ. ಇದು ಹೊಗಳಿಕೆಯಲ್ಲ. ಇದೇ ಕಾರಣಕ್ಕೆ ಒಂದೆರಡು ಮದುವೆಗಳಿಗೆ ನನಗೆ ಕರೆ ಬಂದಿಲ್ಲ.

ಹೋಗುವಾಗ ಜೀಪು ಸಭ್ಯವಾಗಿ ವರ್ತಿಸಿತು. ಭಟ್ಕಳದ ಪೇಟೆಯಲ್ಲಿ ಪಂಚೆ, ಶರಟು, ದೊಡ್ಡಮ್ಮನಿಗೊಂದು ಸೀರೆ, ಒಂದು ಮಾರು ಮಲ್ಲಿಗೆ ಕೊಂಡೆವು. ಊಟಕ್ಕೆ ಶಾವಿಗೆಯ ಬಿರಿಯಾನಿ. ಶಾವಿಗೆಯನ್ನು ಬಿರಿಯಾನಿ ಎನ್ನುವುದು ನ್ಯಾಯವಲ್ಲ ಎಂದು ನಾನು ಮಂಡಿಸಿದೆ. ಮಂಜಣ್ಣ ಉಣ್ಣುತ್ತಾ ಹೋದ. ಎರಡನೇ ತಟ್ಟೆಯ ಹೊತ್ತಿಗೆ ನಾನೂ ಆಕ್ಷೇಪಣೆ ಹಿಂತೆಗೆದುಕೊಂಡಿದ್ದೆ.

ಹೊರಟು ಹೆದ್ದಾರಿ ಮುಟ್ಟುವ ಮೊದಲೇ ಆಯಿಲಿನ ಒತ್ತಡ ತೋರಿಸುವ ಮುಳ್ಳು ಕೆಳಗೆ ಬಿತ್ತು. ಮಂಜಣ್ಣ ಗಾಡಿಯನ್ನು ಬದಿಗೆ ತೆಗೆದು, ಮುಂದೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಸರಿಪಡಿಸಿದ.

"ಬೆಳಿಗ್ಗೆ ಕೈ ಮುಗೀದೆ ಹೊರಟ್ವಿ. ಅದ್ಕೇ ಹೀಂಗಾದದ್ದು."

"ಬೆಳಿಗ್ಗೆ ಮುಗಿಯದ ಕೈಗೆ ಮಧ್ಯಾಹ್ನ ಯಾಕೆ ಸಿಟ್ಟು? ಹೋಗುವಾಗ ಅರವತ್ತು ಕಿಲೋಮೀಟರು ಸುಮ್ಮನಿತ್ತಲ್ಲ?"

"ಬಿರಿಯಾನಿ ಉಣ್ಲಿ ಅಂತ ಬಿಟ್ಟದ್ದು," ಎಂದ.

ಹತ್ತಿರದ ಗ್ಯಾರೇಜಿನ ಇಲಿಯಾಸ್ ಭಾಯ್ ಮಂಜಣ್ಣನಿಗೆ ಗುರುತಿನವರು. ಯಾವ ಕೆಲಸ ಕೇಳಿದರೂ ಅವರ ಉತ್ತರ ಒಂದೇ: ಅರ್ಧ ಗಂಟೆ. "ಜಾಲರಿ ಬ್ಲಾಕ್ ಆಗಿದೆ. ಚೇಂಬರ್ ಇಳಿಸಿ ತೊಳೆದ್ರೆ ಮುಗೀತು. ಅರ್ಧ ಗಂಟೆ ಕೆಲಸ, ಬೈಠೋ!" ಎಂದರು. ಇಂಜಿನ್ನಿನ ಬುಡದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿ ಇರುತ್ತದಲ್ಲ, ಗ್ಯಾರೇಜಿನವರ ಬಾಯಲ್ಲಿ ಅದು ಚೇಂಬರ್. ಅದರೊಳಗಿನ ಒಂದು ಜಾಲರಿಯ ಮೂಲಕ ಇಂಜಿನ್ನು ಎಣ್ಣೆ ಹೀರುತ್ತದೆ. ಜಾಲರಿ ಕಟ್ಟಿಕೊಂಡರೆ ಇಂಜಿನ್ನಿಗೆ ಉಸಿರು ಕಟ್ಟಿದ ಹಾಗೆ.

ಇಲಿಯಾಸ್ ಭಾಯ್ ಜೀಪಿನಡಿ ಜಾರಿದರು. ಸ್ವಲ್ಪ ಹೊತ್ತಿಗೆ ತಲೆ ಮಾತ್ರ ಹೊರಗೆ ಬಂತು.

"ಮಂಜು ಭಾಯ್, ಇದು ಗಾಡಿಯಾ, ಬೋಟಾ?"

ನಾನೂ ಬಗ್ಗಿ ನೋಡಿದೆ. ಚೇಂಬರ್ ಕಾಣುತ್ತಲೇ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಮೀನುಗಾರಿಕೆ ಬೋಟಿನ ಅಡಿಯಂತೆ ನುಣ್ಣನೆಯ ಫೈಬರ್. ಅಂಚುಗಳನ್ನು ತಿಕ್ಕಿ ನಯ ಮಾಡಿ ಮೇಲೆ ನೀಲಿ ಬಣ್ಣವನ್ನೂ ಬಳಿಯಲಾಗಿತ್ತು. ಸುತ್ತಲಿನ ಬೋಲ್ಟುಗಳು ಒಳಗೆ ಸಮಾಧಿಯಾಗಿದ್ದವು. ಹಳೆ ಎಣ್ಣೆ ಇಳಿಸುವ ಬುಡದ ಬೋಲ್ಟೂ ಅವುಗಳ ಜೊತೆಗೇ ಹೋಗಿತ್ತು.

ನಾನು ಮಂಜಣ್ಣನ ಮುಖ ನೋಡಿದೆ. ಅವನು ನಿಂಬೆಹಣ್ಣು ನೋಡುತ್ತಿದ್ದ.

ಪಾಟೀಸವಾಲು ಬೇಕಾಗಲಿಲ್ಲ, ತಾನೇ ಬಾಯಿಬಿಟ್ಟ. ನಿಶ್ಚಯದ ದಿನ ಕಾಸರಕೋಡಿನಲ್ಲಿ, ಹೆಣ್ಣಿನ ಮನೆಯ ಸೆಗಣಿ ಸಾರಿಸಿದ ಅಂಗಳದಲ್ಲಿ, ಜೀಪು ಎರಡು ಕಪ್ಪು ಹನಿ ಉದುರಿಸಿತ್ತು. ಹೆಣ್ಣಿನ ತಂದೆ ತಿಮ್ಮಪ್ಪ ಮಾವನದು ಫೈಬರ್ ಬೋಟು ರಿಪೇರಿಯ ಕಸುಬು. ಆ ಹನಿಗಳನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಗಂಡಿನ ಕಡೆಯವರೆಲ್ಲ ಪಾಯಸ ಉಣ್ಣುತ್ತಿದ್ದಾಗ ಇವರು ಜೀಪನ್ನು ಎತ್ತಿ ನಿಲ್ಲಿಸಿ, ಫೈಬರ್ ಬಟ್ಟೆ, ಒಣಗಿದರೆ ಕಲ್ಲಾಗುವ ರೆಸಿನ್ ಅಂಟು ಹಾಕಿ ಅಡಿಯನ್ನು ಪೂರ್ತಿ ಮುಚ್ಚಿಬಿಟ್ಟಿದ್ದರು. ಬೋಟಿನವರ ಲೆಕ್ಕದಲ್ಲಿ ಅಡಿಯಲ್ಲಿರುವ ತೂತೆಲ್ಲ ವೈರಿ. ಎಣ್ಣೆ ಹೊರಗೆ ಹೋಗಲೆಂದು ಯಾರಾದರೂ ಬೇಕೆಂದೇ ಅಲ್ಲೊಂದು ತೂತು ಇಡಬಹುದು ಎಂಬುದು ಅವರಿಗೆ ಹೊಳೆಯುವುದಾದರೂ ಹೇಗೆ?

"ಆವಾಗ್ಲೇ ಹೇಳೂಕೆ ಎಂತಾಗಿತ್ತು?" ಎಂದೆ.

"ಹೇಳೂದಾ?" ಮಂಜಣ್ಣ ಬೆವರು ಒರೆಸಿಕೊಂಡ. "ಅವ್ರ ಸ್ವಂತ ತಮ್ಮ ಒಂದ್ಸಲ, ಅಣ್ಣಾ, ನೀ ರಿಪೇರಿ ಮಾಡಿದ ಬೋಟಿಗೆ ನೀರು ಬತ್ತದೆ ಅಂದ. ಅಂದಿನಿಂದ ಅಣ್ಣ ತಮ್ಮನಿಗೆ ಮಾತಿಲ್ಲ. ತಮ್ಮನ್ನೇ ಬಿಟ್ಟವ್ರಿಗೆ, ಇನ್ನೂ ಆಗದ ಅಳಿಯನ್ನ ಬಿಡೂದು ದೊಡ್ಡ ಕೆಲಸವಾ?"

ಇಲಿಯಾಸ್ ಭಾಯ್ ಗ್ರೈಂಡರನ್ನು ಕೈಗೆತ್ತಿಕೊಂಡು, ಯೋಚಿಸಿ, ಕೆಳಗಿಟ್ಟರು. "ಎಷ್ಟು ದಪ್ಪ ಹಾಕಿದಾರೋ ನಂಗೆ ಗೊತ್ತಿಲ್ಲ. ತಗಡು ಕೊಯ್ದು ಹೋದ್ರೆ ಈ ಮಾಡೆಲಿಗೆ ಬೇರೆ ಚೇಂಬರ್ ಸಿಗೂದಿಲ್ಲ. ಹಾಕ್ದವ್ರ ಕೈಲೇ ತೆಗೆಸಿ. ಇಂಜಿನ್ ಮಾತ್ರ ಶುರು ಮಾಡ್ಬೇಡಿ."

"ಹಾಕಿದವರಿಗೆ ಎಷ್ಟು ಹೊತ್ತು ಬೇಕಾಗಬಹುದು?" ಎಂದೆ.

"ಅರ್ಧ ಗಂಟೆ."

ಹೊನ್ನಾವರದ ಕಡೆಗೆ ಖಾಲಿ ಹೋಗುತ್ತಿದ್ದ ಮೀನಿನ ಗಾಡಿಯೊಂದು ನಮ್ಮನ್ನು ಎಳೆಯಲು ಒಪ್ಪಿತು. ಬಾಡಿಗೆ ಎಂದರೆ ಚಾಲಕನಿಗೆ ಒಂದು ಬಿರಿಯಾನಿ. ಹಗ್ಗ ಕಟ್ಟಿ ಹೊರಟೆವು. ಮೇ ತಿಂಗಳ ಬಿಸಿಲು ಜೀಪಿನ ಬಾನೆಟ್ಟಿನ ಮೇಲೆ ಕುಣಿಯುತ್ತಿತ್ತು. ಮುಂದಿನ ಗಾಡಿಯಿಂದ ತೊಟ್ಟಿಕ್ಕಿದ ಮೀನಿನ ನೀರು ಗಾಳಿಗೆ ಹಾರಿ ನಮ್ಮ ಗಾಜಿನ ಮೇಲೆ ಬೀಳುತ್ತಿತ್ತು. ಇಂಜಿನ್ನಿಲ್ಲದಿದ್ದರೂ ವೈಪರ್ ಕೆಲಸ ಮಾಡಿತು. ಮುರ್ಡೇಶ್ವರದ ತಿರುವಿನಲ್ಲಿ ನಿಂತಿದ್ದ ಪ್ರವಾಸಿಗರು ನಮ್ಮ ಫೋಟೋ ತೆಗೆದರು. ಮಂಜಣ್ಣ ಮಾತ್ರ ತಾನೇ ಓಡಿಸುತ್ತಿರುವವನಂತೆ ಎದೆಯೆತ್ತಿ ಕುಳಿತು ಎದುರು ಬಂದ ಲಾರಿಗಳಿಗೆಲ್ಲ ಹಾರ್ನು ಹಾಕಿದ. ಮಂಕಿ ದಾಟಿದ ಮೇಲೆ ದನಿ ತಗ್ಗಿಸಿದ.

"ಅಲ್ಲಿ ನೀ ಒಂದು ಮಾತೂ ಆಡ್ಬೇಡ. ಕೈ ಮುಗೀತೆ."

"ಆಡಿದರೆ ಏನಾಗುತ್ತದೆ ಅಂತ ಕೇಳಬಹುದಾ?"

"ನೋಡು. ಇದೇ. ಇದನ್ನೇ ಆಡ್ಬೇಡ ಅಂದದ್ದು."

ಕಾಸರಕೋಡಿನಲ್ಲಿ ಮನೆಗೆ ಇಳಿಯುವ ಓಣಿಯ ತಲೆಯಲ್ಲೇ ಮೀನಿನ ಗಾಡಿಯನ್ನು ಬೀಳ್ಕೊಟ್ಟೆವು. ಓಣಿ ಇಳಿಜಾರು. ಮಂಜಣ್ಣ ಬ್ರೇಕು ಬಿಟ್ಟ. ಜೀಪು ಸದ್ದಿಲ್ಲದೆ ಉರುಳಿ, ಮದುವೆಗೆಂದು ಹೊಸದಾಗಿ ಮರಳು ಹರಡಿದ ಅಂಗಳಕ್ಕೆ ನುಗ್ಗಿ, ಬೋಟಿನ ಚಪ್ಪರದ ಅಡಿಗೇ ಹೋಗಿ ನಿಂತಿತು. ತಿಮ್ಮಪ್ಪ ಮಾವ ಒಂದು ಬೋಟಿನ ಮಗ್ಗುಲಿಂದ ಎದ್ದು ಬಂದರು. ಗಿಡ್ಡ ಮನುಷ್ಯ, ತಲೆಯ ಮೇಲೆಲ್ಲ ಫೈಬರಿನ ಬಿಳಿ ಹುಡಿ.

"ಎಂತಾ ಸೈಲೆಂಟು ಮಾರಾಯ್ರೆ! ಗಾಡಿ ಬಂದದ್ದೇ ಗೊತ್ತಾಗ್ಲಿಲ್ಲ!"

ಮಂಜಣ್ಣ ಬಲವಂತದ ನಗೆ ನಕ್ಕ. ಇಳಿದವನು ಮನೆಯ ಕಡೆ ಹೆಜ್ಜೆ ಇಡಲಿಲ್ಲ. ನಮ್ಮ ಮನೆಗಳಲ್ಲಿ ನಿಶ್ಚಯವಾದ ಮೇಲೆ ದಿಬ್ಬಣ ಬರುವ ತನಕ ಗಂಡು ಹೆಣ್ಣಿನ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಚಪ್ಪರ ಮನೆಯ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ರೇಖಾಳ ತಾಯಿ ಗಿರಿಜತ್ತೆ ಜಗಲಿಯಿಂದಲೇ ತೀರ್ಪು ಕೊಟ್ಟರು. "ಬೋಟು ನಿಲ್ಸೂ ಜಾಗ ಮನೆ ಹೆಂಗಾತ್ತದೆ? ಅಲ್ಲೇ ಕೂರ್ಲಿ. ಬೆಲ್ಲ, ನೀರು ಅಲ್ಲಿಗೇ ಕಳಿಸ್ತೆ." ನಾನು ಕೇಳಿದ ಅತ್ಯುತ್ತಮ ತೀರ್ಪುಗಳಲ್ಲಿ ಇದೂ ಒಂದು, ಮೇಲ್ಮನವಿಗೆ ದಾರಿಯೇ ಇರಲಿಲ್ಲ.

"ಎಂತಾ ಈ ಬದಿಗೆ?" ಎಂದರು ಮಾವ.

"ಹೀಂಗೇ... ಬಟ್ಟೆಗೆ ಹೋದದ್ದು... ಆಯಿಲು ಒಂದು ಬದ್ಲಾಯ್ಸ್ವಾ ಅಂತ..." ಮಂಜಣ್ಣನ ಮಾತು ಅಲ್ಲಿಗೇ ಒಣಗಿತು. ಬೆಲ್ಲ ಕಚ್ಚಿದ, ನೀರು ಕುಡಿದ, ಮತ್ತೆ ಬೆಲ್ಲ ಕಚ್ಚಿದ. ಹೀಗೇ ಬಿಟ್ಟರೆ ಬೆಲ್ಲ ಮುಗಿಯುತ್ತದೆಯೇ ಹೊರತು ವಿಷಯ ಬರುವುದಿಲ್ಲ. ನಾನು ಮಂಜಣ್ಣನ ಮಾತು ಮೀರಿದೆ.

ನನ್ನ ಉಪಾಯ ಸರಳವಾಗಿತ್ತು. ತಪ್ಪಾಗಿದೆ ಎಂದರೆ ತಾನೆ ಸಿಟ್ಟು? ಅವರ ಪಕ್ಷದಲ್ಲೇ ನಿಂತು ಮಾತಾಡಿದರಾಯಿತು. ಈ ಕೆಲಸ ಎಷ್ಟು ಗಟ್ಟಿ ಎಂದು ವರ್ಣಿಸಿದೆ. ಭಟ್ಕಳದ ದೊಡ್ಡ ಮೆಕ್ಯಾನಿಕ್ಕೇ ಕೈ ಚೆಲ್ಲಿದರು, ಇದನ್ನು ಬಿಚ್ಚುವ ಗಂಡಸು ಈ ಭೂಮಿಯ ಮೇಲೆ ಒಬ್ಬನೇ ಇರಬೇಕು ಎಂದೆ. ಆಗ ಅವರು ಎದೆ ತಟ್ಟಿ, ಆ ಒಬ್ಬ ನಾನೇ, ಈಗಲೇ ಬಿಚ್ಚಿ ತೋರಿಸುತ್ತೇನೆ ಎನ್ನಬೇಕು. ವೇದಿಕೆಯ ಮೇಲೆ ಇದು ಎಂದೂ ಕೈಕೊಟ್ಟಿರಲಿಲ್ಲ.

ತಿಮ್ಮಪ್ಪ ಮಾವ ಪೂರ್ತಿ ಕೇಳಿದರು. ಒಳಗೆ ಹೋದರು. ಕೈಯಲ್ಲಿ ರೆಸಿನ್ ಡಬ್ಬಿ ಹಿಡಿದು ಬಂದರು.

"ಹಾಂಗಾರೆ ಗೇರ್ ಬಾಕ್ಸಿಗೂ ಒಂದು ಹೊಡ್ದು ಬಿಡ್ವಾ?"

ಮಂಜಣ್ಣನ ಬಾಯಿಂದ ಬೆಲ್ಲದ ಚೂರು ಬಿತ್ತು. ನಾನು ಎರಡನೇ ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮಾವ ಡಬ್ಬಿಯನ್ನು ಕೆಳಗಿಟ್ಟು, ಜೀಪಿನ ಮುಂಭಾಗಕ್ಕೆ ಹೋಗಿ, ಬಗ್ಗಿ ಏನನ್ನೋ ಎತ್ತಿ ಹಿಡಿದರು. ಹಗ್ಗ. ನಾವು ಮೀನಿನ ಗಾಡಿಯ ಕಡೆಯ ಗಂಟನ್ನು ಮಾತ್ರ ಬಿಚ್ಚಿದ್ದೆವು. ಇನ್ನೊಂದು ತುದಿ ಜೀಪಿನ ಬಂಪರಿಗೆ ಕಟ್ಟಿದ್ದ ಹಾಗೆಯೇ ಇದ್ದು, ಉಳಿದದ್ದು ಜೀಪಿನಡಿ ಸಿಕ್ಕಿ, ಓಣಿಯಿಂದ ಚಪ್ಪರದವರೆಗೆ ಹೊಸ ಮರಳಿನ ಮೇಲೆ ಹಾವು ಹರಿದಂತೆ ಗೀರು ಎಳೆದಿತ್ತು.

"ತಂಗೀ, ಭಾಷಣ ಚೊಲೋ ಮಾಡ್ತೆ ನೀನು," ಎಂದರು. "ಆದ್ರೆ ನನ್ನ ಕೆಲಸ ಚೊಲೋ ಆತು ಅಂತ ಹೇಳೂಕೆ ಯಾರೂ ಇಷ್ಟರವರೆಗೆ ಹಗ್ಗ ಕಟ್ಟಿ ಎಳ್ಸ್ಕಂಡು ಬಂದದ್ದಿಲ್ಲ."

ಮಂಜಣ್ಣ ಮದುವೆ ಮುರಿದುಬಿದ್ದವನ ಮುಖ ಮಾಡಿಕೊಂಡು ನಿಂತಿದ್ದ. ತಿಮ್ಮಪ್ಪ ಮಾವ ಹಗ್ಗವನ್ನು ಸುತ್ತುತ್ತಾ, ಅದಕ್ಕೇ ಹೇಳುವವರ ಹಾಗೆ ಹೇಳಿದರು: "ಬುಡದ ಬೋಲ್ಟು ಮುಚ್ಚಿದ್ದು ನಂಗೆ ಮಾರನೇ ದಿನವೇ ನೆನಪಾತು. ಅಳಿಯ ಬತ್ತ, ಕೇಳ್ತ, ಆವಾಗ ತೆಗೆದು ಕೊಡ್ವ ಅಂತ ಕಾದದ್ದು. ನೀವು ಬರ್ಲೇ ಇಲ್ಲ. ನಾನೇ ಫೋನ್ ಮಾಡಿ, ಅಳಿಯಾ, ನಿಮ್ಮ ಗಾಡಿ ಹಾಳು ಮಾಡಿದ್ದೆ ಅಂತ ಹೇಳೂದು ಹೆಂಗೆ?"

"ಮಾವಾ, ನಂಗೂ ಹಾಂಗೇ ಆತು!" ಎಂದ ಮಂಜಣ್ಣ.

ಇಬ್ಬರೂ ಮರ್ಯಾದೆಯಲ್ಲಿ ಸ್ಪರ್ಧೆಗೆ ಬಿದ್ದು ಒಂದು ಇಂಜಿನ್ನನ್ನು ಕೊಲ್ಲಲು ಹೊರಟಿದ್ದರು. ಇದನ್ನು ಜೋರಾಗಿ ಹೇಳಬೇಕೆನಿಸಿತು. ಮಂಜಣ್ಣ ಕಣ್ಣು ಕೆಕ್ಕರಿಸಿದ್ದರಿಂದ ಬೆಲ್ಲ ಬಾಯಿಗೆ ಹಾಕಿಕೊಂಡೆ.

ಕೆಲಸ ಶುರುವಾಯಿತು. ತಿಮ್ಮಪ್ಪ ಮಾವ ಗ್ರೈಂಡರಿನಿಂದ ಫೈಬರನ್ನು ಸವರಿ ಸವರಿ ತೆಗೆದರು. ಬೋಲ್ಟುಗಳು ಒಂದೊಂದಾಗಿ ತಲೆ ತೋರಿಸಿದವು. ಬುಡದ ಬೋಲ್ಟು ಬಿಚ್ಚಿದಾಗ ಎಣ್ಣೆ ಹರಿಯಲಿಲ್ಲ. ಜೋನಿಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಬದಲಾಯಿಸಲಾಗದೆ ಉಳಿದ ಈ ಹಳೆ ಎಣ್ಣೆಯೇ ಜಾಲರಿ ಕಟ್ಟಿತ್ತು. ಸುತ್ತಲಿನ ಬೋಲ್ಟುಗಳನ್ನೆಲ್ಲ ತೆಗೆದು, ಹಲಗೆ ಹಿಡಿದು, ಚೇಂಬರ್ ಕೈಗೆ ಬೀಳಲಿ ಎಂದು ಕಾದೆವು.

ಬೀಳಲಿಲ್ಲ. ರೆಸಿನ್ ಸಂದಿಗೂ ಇಳಿದು ಇಂಜಿನ್ನನ್ನೂ ಚೇಂಬರನ್ನೂ ಒಂದು ಮಾಡಿತ್ತು. ಮರದ ಕೊಡತಿಯಲ್ಲಿ ತಟ್ಟಿದರು, ಬದಿಯಿಂದ ಗುದ್ದಿದರು, ಮಂಜಣ್ಣ ಅದಕ್ಕೆ ನೇತುಬಿದ್ದ. ಅಲುಗಲಿಲ್ಲ.

"ನೋಡಿದ್ರಾ!" ತಿಮ್ಮಪ್ಪ ಮಾವನಿಗೆ ತಡೆಯಲಾಗಲಿಲ್ಲ. "ಬೋಲ್ಟೇ ಇಲ್ದೆ ನಿಂತದೆ!" ಮರುಕ್ಷಣ ನಾಲಗೆ ಕಚ್ಚಿಕೊಂಡರು. ಸೋಲು, ಗೆಲುವು ಒಂದೇ ಮುಖದ ಮೇಲೆ ಹೀಗೆ ಒಟ್ಟಿಗೆ ಕುಳಿತದ್ದನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿಲ್ಲ.

ಮಂಜಣ್ಣ ಉಳಿ ಕೇಳಿದ. ಉಳಿ ಹಾಕಿದರೆ ಅಂಚು ಸೊಟ್ಟಗಾಗುತ್ತದೆ, ಆಮೇಲೆ ಜನ್ಮವಿಡೀ ಸೋರುತ್ತದೆ ಎಂದು ಮಾವ. ಈ ಜಗ್ಗಾಟ ನಡೆಯುತ್ತಿರುವಾಗ ಸ್ಕೂಟರಿನಲ್ಲಿ ರೇಖಾ ಬಂದಳು. ತಂದೆ ಫೋನಿನಲ್ಲಿ ಹೇಳಿದಂತೆ ಹೊನ್ನಾವರದಿಂದ ಹೊಸ ಎಣ್ಣೆಯ ಕ್ಯಾನು, ಚೇಂಬರಿನ ಸಂದಿಗೆ ಕೂರಿಸುವ ಕಾರ್ಕ್ ಪ್ಯಾಕಿಂಗು ತಂದಿದ್ದಳು. ಮಂಜಣ್ಣನ ಪಾದಗಳು ಮಾತ್ರ ಜೀಪಿನಡಿಯಿಂದ ಹೊರಗಿದ್ದವು.

"ಓ, ಇವ್ರಾ," ಎಂದಳು ನನ್ನ ಕಡೆ ನೋಡಿ. "ಕಾಲು ನೋಡಿ ಗುರ್ತ ಸಿಕ್ತು. ನಿಶ್ಚಯದ ದಿನ ತಲೆ ತಗ್ಗಿಸಿ ಕೂತಾಗ ನಂಗೆ ಕಂಡದ್ದು ಅಷ್ಟೇ."

ಜೀಪಿನಡಿ ತಲೆ ತಾಗಿದ ಸದ್ದಾಯಿತು. ಪಾದಗಳು ಒಂದರ ಹಿಂದೊಂದು ಅಡಗಿಕೊಂಡವು. ತಂದೆಯ ಕೈಲಿದ್ದ ಉಳಿ ನೋಡಿ ರೇಖಾ ಕೇಳಿದಳು: "ಗಟ್ಟಿಯಾದ ಸುಕ್ಕಿನುಂಡೆ ಕಚ್ಚೂಕೆ ಆಗ್ದಿದ್ರೆ ದಾರದಲ್ಲಿ ಕೊಯ್ಯೂದಿಲ್ವಾ ಅಪ್ಪ? ಸಪೂರ ತಂತಿ ಇಲ್ವಾ?"

ತಂತಿಗೇನು, ಚಪ್ಪರದ ತುಂಬ ಇತ್ತು. ಕೂದಲಿನಷ್ಟು ಸಪೂರ ಉಕ್ಕಿನ ತಂತಿಯನ್ನು ಒಂದು ಮೂಲೆಯ ಸಂದಿಗೆ ತೂರಿಸಿ, ಎರಡು ತುದಿಗೂ ಮರದ ತುಂಡು ಕಟ್ಟಿದರು. ಜೀಪಿನಡಿ ಆ ಬದಿಗೆ ಮಾವ, ಈ ಬದಿಗೆ ಅಳಿಯ. ಟಾರ್ಚು ಹಿಡಿಯುವ ಕೆಲಸ ನನ್ನದು. ಮಜ್ಜಿಗೆ ಕಡೆದ ಹಾಗೆ ಅವರು ಎಳೆದರೆ ಇವನು ಬಿಡುವುದು, ಇವನು ಎಳೆದರೆ ಅವರು ಬಿಡುವುದು. ಮೊದಮೊದಲು ಇಬ್ಬರೂ ಒಟ್ಟಿಗೇ ಬಿಡುತ್ತಿದ್ದರು.

"ಎಳೀರಿ ಮಾವಾ."

"ನೀವು ಮೊದ್ಲು."

"ಛೆ ಛೆ, ನೀವು ಹಿರಿಯರು."

"ಎಳಿಯಾ ಮಾರಾಯಾ, ಕೈ ನೋಯ್ತದೆ!" ಎಂದರು ಮಾವ ಕೊನೆಗೆ. ಅಲ್ಲಿಗೆ ಬಹುವಚನ ಹೋಯಿತು, ತಂತಿ ಸರಾಗವಾಗಿ ಓಡತೊಡಗಿತು.

ಅರ್ಧ ಸುತ್ತು ಕೊಯ್ಯುವಷ್ಟರಲ್ಲಿ ರಾತ್ರಿಯ ಊಟ ಬಂತು, ಚಪ್ಪರಕ್ಕೇ: ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಮತ್ತರ್ಧ ಕೊಯ್ದು ಮುಗಿದಾಗ ಚೇಂಬರ್ ಟಪ್ಪೆಂದು ಬಿಟ್ಟುಕೊಂಡಿತು, ಎರಡು ಬೆರಳು ಇಳಿಯಿತು, ಮುಂದಿನ ಆಕ್ಸಲಿನ ಮೇಲೆ ಕುಳಿತಿತು. ಹೊರಗೆ ಬರಲು ಜಾಗವಿಲ್ಲ. ಬೋಟಿನ ಯಂತ್ರ ಎತ್ತುವ ಚೈನ್ ಪುಲ್ಲಿಯನ್ನು ಚಪ್ಪರದ ತೊಲೆಗೆ ಕಟ್ಟಿ, ಇಂಜಿನ್ನಿನ ಹಿಡಿಕೆಗಳನ್ನು ಸಡಿಲಿಸಿ, ಅದನ್ನೇ ಮೇಲಕ್ಕೆ ಎತ್ತಬೇಕಾಯಿತು. ತೊಲೆ ಕಿರ್ರೆಂದಿತು. ಈ ತೊಲೆ ತಡೆಯುತ್ತದೆ ಎನ್ನಲು ಆಧಾರವೇನು ಎಂದು ಕೇಳಿದೆ. "ಇಷ್ಟರವರೆಗೆ ಬಿದ್ದದ್ದಿಲ್ಲ," ಎಂದರು ಮಾವ. ಇದು ಪುರಾವೆಯಲ್ಲ ಎಂದು ವಿವರಿಸುತ್ತಿರುವಾಗಲೇ ಚೇಂಬರ್ ವಾಲಿ, ಜಾರಿ, ಒಳಗೆ ಉಳಿದಿದ್ದ ಗಸಿಯ ಸಮೇತ ಮಂಜಣ್ಣನ ಎದೆಯ ಮೇಲೆ ಬಂದು ಕುಳಿತಿತು. ಅವನು ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ನಗುತ್ತಿದ್ದ.

"ಅರಿಶಿನ ಹಚ್ಚೂಕೆ ಇನ್ನೂ ದಿನ ಅದೆ," ಎಂದಳು ರೇಖಾ. "ಇದೆಂತಾ ಹಚ್ಕಂಡದ್ದು?"

ಜಾಲರಿ ತೊಳೆದು, ಹೊಸ ಪ್ಯಾಕಿಂಗು ಹಾಕಿ ಚೇಂಬರನ್ನು ಮತ್ತೆ ಏರಿಸುವಷ್ಟರಲ್ಲಿ ನಡುರಾತ್ರಿಯಾಯಿತು. ನನಗೆ ಒಳಗೆ ಚಾಪೆ ಸಿಕ್ಕಿತು. ಹೊಸ್ತಿಲು ದಾಟಲಾಗದ ಮದುಮಗ ರಿಪೇರಿಗೆ ಬಂದ ಬೋಟಿನಲ್ಲಿ ಮಲಗಿದ.

ಬೆಳಿಗ್ಗೆ ಎಣ್ಣೆ ಹೊಯ್ದು ಕೀಲಿ ತಿರುಗಿಸಿದಾಗ ಮುಳ್ಳು ಎದ್ದು ನಿಂತಿತು. ಮಂಜಣ್ಣ ನಿಂಬೆಹಣ್ಣಿಗೆ ಕೈ ಮುಗಿದ. ನಾನು ತಂತಿಗೆ ಮುಗಿಯಬಹುದಿತ್ತು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓಣಿ ಹತ್ತುವಾಗ ಹಿಂತಿರುಗಿ ನೋಡಿದೆ. ಜೀಪು ನಿಂತಿದ್ದ ಜಾಗದಲ್ಲಿ ಒಂದು ಕಪ್ಪು ಹನಿಯಿತ್ತು. ತಿಮ್ಮಪ್ಪ ಮಾವ ಅದನ್ನು ನೋಡಿದರು. ನಮ್ಮ ಕಡೆ ನೋಡಿದರು. ಆಮೇಲೆ, ಹನಿ ಕಂಡರೆ ರೆಸಿನ್ ಡಬ್ಬಿಗೆ ಓಡುವ ಆ ಮನುಷ್ಯ, ಬಲಗಾಲಿನಿಂದ ಮೆಲ್ಲಗೆ ಮರಳು ಎಳೆದು ಅದನ್ನು ಮುಚ್ಚಿದರು.

ಶರಾವತಿ ಸೇತುವೆ ದಾಟಿದೆವು. ಹಳದೀಪುರದಲ್ಲಿ ಚಹಾ, ಬನ್ಸು. "ಒಂದು ಹನಿ ಇಲ್ಲ ನೋಡು," ಎಂದ ಮಂಜಣ್ಣ. ಇದಕ್ಕೆ ವಿರುದ್ಧವಾದ ಕಣ್ಣಾರೆ ಕಂಡ ಸಾಕ್ಷ್ಯ ನನ್ನ ಬಳಿ ಇತ್ತು.

"ಹೌದು ಮಂಜಣ್ಣ."

ಅವನು ಬನ್ಸು ಕೆಳಗಿಟ್ಟ. "ಎಂತಾ ಆತು ನಿಂಗೆ? ಜ್ವರ ಗಿರ ಬಂತಾ?"

ಕುಮಟೆ ಪೇಟೆಯಲ್ಲಿ ಬಾಡಿದ ಮಲ್ಲಿಗೆಯ ಬದಲು ಹೊಸದು ಕೊಂಡು ಬಾಡಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮಂಜಣ್ಣ ಅಂಗಳದಲ್ಲಿ ಜೀಪು ನಿಲ್ಲಿಸಿ ಇಳಿದ. ದೊಡ್ಡಮ್ಮ ಬಾಗಿಲಿಗೆ ಬರುವಷ್ಟರಲ್ಲಿ, ಅಡಿಯನ್ನು ಬಗ್ಗಿಯೂ ನೋಡದೆ, ಬಲಗಾಲಿನಿಂದ ಮೆಲ್ಲಗೆ ಮರಳು ಎಳೆದ. ಅದೇ ಕಾಲು, ಅದೇ ಎಳೆತ. ಇನ್ನು ಈ ಸಂಬಂಧ ಮುರಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ದೊಡ್ಡಮ್ಮ ಅವನನ್ನು ಕೇಳಲೇ ಇಲ್ಲ. ನನ್ನ ಕಡೆ ತಿರುಗಿದರು.

"ನೀ ಹೇಳು. ಎರಡು ದಿನ ಎಂತಾ ಮಾಡಿದ್ದು? ಸೋರ್ತದಾ ಇಲ್ವಾ?"

ಮಂಜಣ್ಣ ನಿಂಬೆಹಣ್ಣು ನೋಡುತ್ತಿದ್ದ. ನಾನು ನೆಲ ನೋಡಿದೆ.

"ಬೀಗರ ಮನೇಲಿ ಉಳ್ಸ್ಕಂಡ್ರು ದೊಡ್ಡಮ್ಮ. ನೆಲದ ಮೇಲೆ ನಂಗೆ ಕಾಣೂದು ಮರಳು."

ದೊಡ್ಡಮ್ಮ ನನ್ನನ್ನು ನೋಡಿದರು. ಮಗನ ಶರಟಿನ ಕಪ್ಪು ನೋಡಿದರು. "ಆತು," ಎಂದರು. "ಜೀಪಲ್ಲೇ ಬರ್ಲಿ."

ಅಷ್ಟು ಹೇಳಿ ಹೂವು ಇಸಿದುಕೊಂಡು ಒಳಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಒಂದು ತೆಂಗಿನ ಗರಟೆ ಇತ್ತು. ಬಗ್ಗಿ, ಜೀಪಿನಡಿ ಕೈ ಚಾಚಿ, ಮಂಜಣ್ಣ ಮರಳು ಮುಚ್ಚಿದ ಜಾಗದ ಮೇಲೆ ಅದನ್ನು ಹನಿ ಹಿಡಿಯುವಂತೆ ಬಾಯಿ ಮೇಲಾಗಿ ಇಟ್ಟರು.